ತಿಪ್ಪವ್ವನ ಕಡಾಯಿ

ಮೂವತ್ತರ ದಶಕದ ಕೊನೆಯಲ್ಲಿ ಅಕ್ಕಿಆಲೂರು ಸಂತೆಯ ಮೂಲೆಯೊಂದರಲ್ಲಿ ತಿಪ್ಪವ್ವ ಬಾಳೆಕಾಯಿ ಮತ್ತು ಹಂದಿ ಮಾಂಸ ಕರಿದು ಮಾರುತ್ತಿದ್ದಳು. ಈ ಅಡುಗೆ ನಮ್ಮ ಸೀಮೆಯದಲ್ಲ. ಅವಳ ಗಂಡ ಮೈಲಾರಪ್ಪ ಹಡಗಿನ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದಾಗ ವೆಸ್ಟ್ ಇಂಡೀಸಿನ ಖಲಾಸಿಯೊಬ್ಬನಿಂದ ಕಲಿತು ಬಂದದ್ದು. ಜೊತೆಗೆ ಕೆಮ್ಮನ್ನೂ ತಂದಿದ್ದ, ಅದರಲ್ಲೇ ಹೋದ.

ಮೊದಲು ಹಂದಿಯ ತುಂಡುಗಳನ್ನು ಅವುಗಳ ಕೊಬ್ಬಿನಲ್ಲೇ ಗರಿಗರಿಯಾಗಿ ಹುರಿಯಬೇಕು. ಅದೇ ಕೊಬ್ಬಿನಲ್ಲಿ ಬಾಳೆಕಾಯಿ ಬಿಲ್ಲೆಗಳನ್ನು ಕರಿದು, ಜಜ್ಜಿ, ಮತ್ತೊಮ್ಮೆ ಕರಿಯಬೇಕು.

ದೊಡ್ಡಮನೆಯ ಕರಬಸಪ್ಪಗೌಡ ಹಂದಿ ಎಂದರೆ ಮೂಗು ಮುಚ್ಚುವವನು. ಆದರೆ ಪ್ರತಿ ಸಂತೆಗೂ ಅವನ ಆಳು ಗುದ್ಲೆಪ್ಪ ಹಿತ್ತಾಳೆ ಡಬ್ಬಿ ಹಿಡಿದು ಬರುತ್ತಿದ್ದ, ಬಾಳೆಕಾಯಿಗೆ ಮಾತ್ರ. ತಿಪ್ಪವ್ವ ಮೊದಲ ದಿನವೇ ಎಚ್ಚರಿಸಿದ್ದಳು: “ಎರಡೂ ಒಂದ ಕಡಾಯಿ, ಹಂದಿ ಕೊಬ್ಬಿನ್ಯಾಗ ಕರದದ್ದು. ಗೌಡ್ರಿಗೆ ಹೇಳಪಾ.”

“ಬೆಂಕಿಗೆ ಎಲ್ಲಿ ಮೈಲಿಗಿ?” ಎಂದು ಗೌಡ ಹೇಳಿಕಳಿಸಿದ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರೆ. ಇವನದು ಬಾಳೆಕಾಯಿ, ಅಷ್ಟೇ ವ್ಯತ್ಯಾಸ.

ಒಮ್ಮೆ ಕೊಬ್ಬು ಸಾಲದೆ ಅವಳು ಶೇಂಗಾ ಎಣ್ಣೆಯಲ್ಲಿ ಕರಿದು ಕೊಟ್ಟಳು. ಡಬ್ಬಿ ಹಾಗೇ ವಾಪಸ್ಸು ಬಂತು. ಗುದ್ಲೆಪ್ಪ ಸಂತೆಯ ನಡುವೆ ನಿಂತು ಕೂಗಿದ: “ರುಚಿ ಇಲ್ಲಂತ. ಮದಲಿನಂಗ ಮಾಡಬೇಕಂತ.” ಥೂ, ಆ ನಾಲಗೆಗಿಷ್ಟು!

ವರ್ಷ ಕಳೆಯುವುದರೊಳಗೆ ಗೌಡನ ಅಳಿಯನ ಅರಿವೆ ಅಂಗಡಿಗೆ ಅದೇ ಮೂಲೆ ಬೇಕಾಯಿತು. ಗೌಡ ಊರ ಪಂಚರನ್ನು ಕೂಡಿಸಿದ. “ಈಕಿ ಕಡಾಯಿಯಿಂದ ಸಂತಿಯೆಲ್ಲಾ ಮೈಲಿಗಿ ಆಗೇತಿ. ಎಬ್ಬಸ್ರಿ ಈಕಿನ್ನ,” ಎಂದ. ಆ ಜಾಗ ಹೋದರೆ ತಿಪ್ಪವ್ವನ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ.

ಅವಳು ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಪಂಚರ ಮುಂದೆ ಎರಡು ಎಲೆ ಹಾಸಿ ಬಾಳೆಕಾಯಿ ಬಡಿಸಿದಳು.

“ಇದು ಶೇಂಗಾ ಎಣ್ಣೀದು. ಗೌಡ್ರು ರುಚಿ ಇಲ್ಲಂತ ಹೊಳ್ಳಿ ಕಳಿಸಿದ್ದು. ಇದು ಹಂದಿ ಕೊಬ್ಬಿಂದು, ಮದಲಿನಂಗ ಬೇಕು ಅಂದದ್ದು. ಈ ಕಡಾಯಿಂದ ತಿಂದವರೆಲ್ಲಾ ಮೈಲಿಗಿ ಅಂದ್ರ, ಮದಲ ಯಾರನ್ನ ಎಬ್ಬಸೂದ್ರಿ?”

ಎಲ್ಲರೂ ಗೌಡನ ಹಿಂದೆ ನಿಂತಿದ್ದ ಗುದ್ಲೆಪ್ಪನತ್ತ ತಿರುಗಿದರು. ಅವನು ನೆಲ ನೋಡಿದ. ಗೌಡನಿಗೆ ಮನೆಯಲ್ಲಿ ಎಮ್ಮೆ ಈಯುವುದು ನೆನಪಾಯಿತು, ಎದ್ದು ಹೋದ.

ಮುಂದಿನ ಸಂತೆಗೆ ತಿಪ್ಪವ್ವನ ಅದೇ ಮೂಲೆಗೆ ಅದೇ ಡಬ್ಬಿ ಬಂತು. “ಶೇಂಗಾ ಎಣ್ಣೀದ ಕೊಡಬೇಕಂತ, ಯಾವಾಗ್ಲೂ ಅದನ್ನ ತಿಂತಿದ್ರಂತ!” ಎಂದು ಗುದ್ಲೆಪ್ಪ ಊರಿಗೆಲ್ಲ ಕೇಳುವಂತೆ ಒದರಿದ. ತಿಪ್ಪವ್ವ ಮುಸಿಮುಸಿ ನಕ್ಕು ತುಂಬಿಕೊಟ್ಟಳು. ತರಿಸುವುದು ನಿಲ್ಲಿಸಿದರೆ ಹಿಂದೆ ತಿಂದದ್ದು ಹಂದಿ ಕೊಬ್ಬಿನದೆಂದು ಒಪ್ಪಿಕೊಂಡ ಹಾಗೆ. ಅದಕ್ಕೇ ಆ ದೊಡ್ಡ ಮನುಷ್ಯ ಸಾಯುವ ತನಕ ತನಗೆ ಸೇರದ ಬಾಳೆಕಾಯಿಯನ್ನು ಸಂತೆ ಸಂತೆಗೂ ತರಿಸಿ ತಿಂದ.