ನಿಧಾನಮ್ಮ ಅಳಿಸದ ಸಾಲು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳಿಗೆ ನಿಧಾನಮ್ಮ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟ ಹೆಸರು ಮಾತ್ರ ಅಂಟಿಕೊಂಡಿತು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದ ಮೇಲೆಯೇ ಮುಂದಿನದು. ಹನ್ನೆರಡು ವರ್ಷದಿಂದ ಅವಳ ಪದ್ಧತಿ ಇಷ್ಟೇ. "ಅಮ್ಮ, ಚಪ್ಪಲಿ ಹಾಕ್ಕೊಂಡಿದ್ದನ್ನೂ ಬರ್ಕೊಂಡ್ಯಾ?" ಎಂದು ಮನೆಯಲ್ಲಿ ಮಗಳೂ ರೇಗಿಸುತ್ತಿದ್ದಳು. ನಗುವವರು ನಗಲಿ, ಏನಾದರೂ ಕೆಟ್ಟರೆ ಅವರೇ ಮೊದಲು ಓಡಿ ಬರುತ್ತಿದ್ದರು.

ಆ ಬೆಳಿಗ್ಗೆ ಓಡಿ ಬಂದವನು ಬ್ಲಡ್ ಬ್ಯಾಂಕಿನ ಹಿರಿಯ ಟೆಕ್ನಿಷಿಯನ್. ಅಲ್ಲಿನ ಡೇಟಾಬೇಸ್ ಸರ್ವರ್ ಬಿಟ್ಟಿ ಆವೃತ್ತಿಯದು. ಇಂತಿಷ್ಟು ತುಂಬಿದರೆ ಮುಗಿಯಿತು, ಮೇಲೆ ಒಂದು ಸಾಲೂ ಹಿಡಿಸದು. ಈಗ ತುಂಬಿತ್ತು. ಮೂರನೇ ಮಹಡಿಯಲ್ಲಿ ಸೊಂಟದ ಮೂಳೆ ಮುರಿದ ಅಜ್ಜಿಗೆ ಎರಡು ಗಂಟೆಗೆ ಆಪರೇಷನ್. ಕಂಪ್ಯೂಟರಿನಲ್ಲಿ ನಮೂದಾಗದೆ ರಕ್ತ ಹೊರಗೆ ಹೋಗುವಂತಿರಲಿಲ್ಲ.

"ಹತ್ತು ವರ್ಷಕ್ಕಿಂತ ಹಳೇದೆಲ್ಲ ಅಳಿಸಿಬಿಡು ತಂಗಿ. ಯಾರು ನೋಡ್ತಾರೆ ಅದನ್ನ? ಜಾಗ ಆಗುತ್ತೆ."

"ಅಳಿಸಲ್ಲ ಅಣ್ಣ. ದೊಡ್ಡ ಆವೃತ್ತಿ ಲೈಸೆನ್ಸ್ ಬಂದಿದೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಅದರಲ್ಲೇ ನಮೂದು ಮಾಡ್ತೀರಿ, ನೋಡ್ತಿರಿ."

ಮೊದಲು ಇಡೀ ದಾಖಲೆಯ ಪ್ರತಿ ತೆಗೆದು ಬೇರೆ ಡಿಸ್ಕಿನಲ್ಲಿಟ್ಟಳು. ಆಮೇಲೆ ಅಪ್‌ಗ್ರೇಡ್ ಶುರು ಮಾಡಿದರೆ, ರೀಸ್ಟಾರ್ಟ್ ಬಾಕಿ ಇದೆ ಎಂದು ಅದು ಅಡ್ಡಗಾಲು ಹಾಕಿತು. ರೀಸ್ಟಾರ್ಟ್ ಮಾಡಿದಳು. ಮತ್ತೆ ಅದೇ ರಾಗ. ಇನ್ನೊಮ್ಮೆ ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ. ಟೆಕ್ನಿಷಿಯನ್ ತಲೆ ಮೇಲೆ ಕೈ ಹೊತ್ತು ಕೂತ. ಅವಳು ನೋಟ್‌ಬುಕ್ಕಿನ ಪುಟ ತಿರುವಿದಳು. ಸೋಮವಾರದ ಸಾಲಿನಲ್ಲಿ ಇತ್ತು: ರಕ್ತದ ಚೀಲಕ್ಕೆ ಲೇಬಲ್ ಹಾಕುವ ಹೊಸ ಪ್ರಿಂಟರ್. ಕಳ್ಳ ಸಿಕ್ಕಿಬಿದ್ದ. ಕಂಪ್ಯೂಟರ್ ಎದ್ದಾಗಲೆಲ್ಲ ಆ ಪ್ರಿಂಟರಿನ ಪ್ರೋಗ್ರಾಂ ತನ್ನದೊಂದು ಫೈಲ್ ಬದಲಿಸಲು ಹೋಗಿ, ಸೋತು, ಮತ್ತೆ ರೀಸ್ಟಾರ್ಟ್ ಬೇಕೆಂದು ಗುರುತು ಹಾಕಿಡುತ್ತಿತ್ತು. ಅದನ್ನು ಕಿತ್ತುಹಾಕಿ ಹಳೆಯ ಪ್ರಿಂಟರನ್ನೇ ಜೋಡಿಸಿದಳು. ಅಪ್‌ಗ್ರೇಡ್ ಸಲೀಸಾಗಿ ಮುಗಿಯಿತು.

ಹನ್ನೆರಡೂವರೆಗೆ ಟೆಕ್ನಿಷಿಯನ್ ಅಜ್ಜಿಯ ವಿವರ ಒತ್ತಿದ. ಜಾಗವಿಲ್ಲ ಎಂದಿತು ತೆರೆ.

ಅವಳ ಕೈ ಆತುರಪಡಲಿಲ್ಲ. ಆವೃತ್ತಿ ನೋಡಿದಳು, ದೊಡ್ಡದೇ. ಡಿಸ್ಕ್ ನೋಡಿದಳು, ಬೇಕಾದಷ್ಟು ಖಾಲಿ. ಹಾಗಾದರೆ ತಡೆ ಇರುವುದು ಡೇಟಾಬೇಸ್ ಫೈಲಿಗೇ. ಹೌದು, ಇಷ್ಟಕ್ಕಿಂತ ಬೆಳೆಯಬಾರದು ಎಂದು ಯಾರೋ ಮಿತಿ ಹಾಕಿದ್ದರು. ಯಾವ ಪುಣ್ಯಾತ್ಮ ಎಂದು ಹಳೆಯ ನೋಟ್‌ಬುಕ್ ತೆಗೆದರೆ, ಆರು ವರ್ಷದ ಹಿಂದಿನ ಪುಟದಲ್ಲಿ ತನ್ನದೇ ಗುಂಡಗಿನ ಅಕ್ಷರ. ನಾಲಿಗೆ ಕಚ್ಚಿಕೊಂಡಳು.

"ನಾನೇ ಅಣ್ಣ. ಸಣ್ಣ ಆವೃತ್ತಿ ಇದ್ದಾಗ ಹಾಕಿದ್ದು, ಮರೆತಿದ್ದೆ."

ಮಿತಿ ತೆಗೆದಳು, ಬರೆದಳು, ತಲೆಯಾಡಿಸಿದಳು. ಅವನು ಮತ್ತೆ ಒತ್ತಿದ. ಈ ಸಲ ನಮೂದಾಯಿತು. ಅದರ ಹಿಂದೆಯೇ ತೆರೆಯ ಮೇಲೆ ಕೆಂಪು ಸಾಲೊಂದು ಎದ್ದಿತು: ಹದಿನಾಲ್ಕು ವರ್ಷದ ಹಿಂದೆ ಇದೇ ಅಜ್ಜಿಗೆ ರಕ್ತ ಕೊಟ್ಟಾಗ ಜೀವಕ್ಕೇ ಕುತ್ತು ಬಂದಿತ್ತು, ಇಂಥ ಅಂಶವಿರುವ ರಕ್ತ ಇವರಿಗೆ ಕೊಡಕೂಡದು.

ಟೆಕ್ನಿಷಿಯನ್ ಆ ಸಾಲನ್ನು ಎರಡು ಸಲ ಓದಿದ.

"ಇವತ್ತಿನ ಪರೀಕ್ಷೇಲಿ ಇದು ಕಾಣ್ಲೇ ಇಲ್ಲ ತಂಗಿ. ವರ್ಷಗಳಾದ್ರೆ ಅಂಥ ಹಳೇ ತೊಂದರೆಯ ಗುರುತು ಕೆಲವು ಸಲ ರಕ್ತದಲ್ಲಿ ಉಳಿಯಲ್ಲ."

ಟ್ರೇನಲ್ಲಿ ತೆಗೆದಿಟ್ಟಿದ್ದ ಎರಡು ಚೀಲಗಳನ್ನು ವಾಪಸ್ ಫ್ರಿಜ್ಜಿಗಿಟ್ಟು, ಆ ಅಂಶವಿಲ್ಲದ ಬೇರೆ ಎರಡನ್ನು ಹುಡುಕಿ ಪರೀಕ್ಷಿಸಿ ತಂದ. ಬಾಗಿಲಲ್ಲಿ ನಿಂತು, "ಅಳಿಸು ಅಂದೋನು ನಾನು ಅಂತ ಅದರಲ್ಲಿ ಬರ್ಕೋ" ಎಂದ.

ನೋಟ್‌ಬುಕ್ ತೆರೆದೇ ಇತ್ತು. ಅದೊಂದನ್ನು ಮಾತ್ರ ಅವಳು ಬರೆಯಲಿಲ್ಲ.