ತಮಾಷೆ ಮಾಮ ಬಿದ್ದ ದಿನ

ಗೋದಾಮಿನಲ್ಲಿ ಎಲ್ಲರಿಗೂ ಅವನು ತಮಾಷೆ ಮಾಮ. ಹೊರೆ ಹೊತ್ತು ಬರುವಾಗ ಎಡವಿದಂತೆ ನಟಿಸಿ ಜೊತೆಯವರನ್ನು ನಗಿಸುವುದು ಅವನ ರೂಢಿ. ಆ ದಿನ ಮಾತ್ರ, ಯಾರೋ ಪೆಟ್ಟಿಗೆಯಿಂದ ಕತ್ತರಿಸಿ ಬಿಸಾಡಿದ್ದ ಪ್ಲಾಸ್ಟಿಕ್ ಪಟ್ಟಿ ನಿಜವಾಗಿಯೂ ಕಾಲಿಗೆ ತೊಡರಿತು. ಬಿದ್ದವನನ್ನು ಕಂಡು ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಲ್ಲೇ ದುಡಿಯುತ್ತಿದ್ದ ಅವನ ಭಾವಮೈದುನನಂತೂ ಚಪ್ಪಾಳೆ ತಟ್ಟಿದ. ಮಾಮ ಏಳಲಿಲ್ಲ. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಭಾವಮೈದುನ ತಲೆ ತಗ್ಗಿಸಿ ನಿಂತ. "ನಂಗೆ ಗೊತ್ತಾಗ್ಲಿಲ್ಲ ಭಾವ."

"ಬಿಡೋ, ನಿನ್ ಜಾಗದಲ್ಲಿ ನಾನಿದ್ರೂ ನಗ್ತಿದ್ದೆ," ಎಂದ ಮಾಮ. "ಚಪ್ಪಾಳೆ ತಟ್ಟಿದ್ದು ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡ."

ಈಗ ಅವನು ಗೇಟಿನ ಬಳಿ ಕುಳಿತು ಲಾರಿಗಳನ್ನು ಒಳಬಿಡುತ್ತಾನೆ. ಒಳಗಿನಿಂದ ಜೋರು ನಗು ಕೇಳಿದರೆ ಸಾಕು, ಯಾರೋ ಬಿದ್ದರೇನೋ ಎಂದು ಊರುಗೋಲು ಹಿಡಿದು ಏಳುತ್ತಾನೆ.