ಗಳಲೆ ಎಂದುಕೊಂಡ ಗದ್ದದ ಊತ

ಶಿರಾ ಸೀಮೆಯ ಕೆರೆಗಳು ಬಹಳ ವರ್ಷಗಳ ಮೇಲೆ ಕೋಡಿ ಬಿದ್ದಾಗ ನಾನು ಆ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ. ಊರವರು ಕೆರೆಗೆ ಬಾಗಿನ ಅರ್ಪಿಸಿದರು, ನಾನೂ ಹೋಗಿ ಊಟ ಮಾಡಿ ಬಂದೆ. ನೀರಂಚಿನ ಕೆಸರಿನಲ್ಲಿ ಬಸವನಹುಳುಗಳು ಹೆಚ್ಚಿದ್ದನ್ನು ಯಾರೂ ಗಮನಿಸಲಿಲ್ಲ. ಗಮನಿಸಬೇಕಾದ ನಾನೂ ಗಮನಿಸಲಿಲ್ಲ.

ಆ ಕೆರೆಯಂಗಳದಲ್ಲಿ ರತ್ನಮ್ಮ ಕುರಿ ಮೇಯಿಸುತ್ತಿದ್ದರು. ತವರಿನವರು ಕೊಟ್ಟ ಒಂದೇ ಹೆಣ್ಣುಮರಿಯಿಂದ ಇಪ್ಪತ್ತೆರಡು ಕುರಿಗಳ ಮಂದೆ ಕಟ್ಟಿದ ಹೆಂಗಸು. ಒಂದು ಮಧ್ಯಾಹ್ನ ಫೋನ್ ಮಾಡಿ, "ಸಾ, ಕುರಿ ಗದ್ದ ಊದ್ಕೊಂಡವೆ. ಬೆಳಿಗ್ಗೆ..." ಎಂದರು. ಲಸಿಕೆ ಕ್ಯಾಂಪಿನ ಗಡಿಬಿಡಿ. ನನಗೋ ಮೂಗಿನ ತುದಿಯಲ್ಲೇ ಕೋಪ. "ಗಳಲೆ ಕಣಮ್ಮ, ಇಂಜೆಕ್ಷನ್ ಕಳಿಸ್ತೀನಿ" ಎಂದು ಫೋನ್ ಇಟ್ಟೆ. ಗಳಲೆ ಎಂದರೆ ಗಂಟಲು ಊದಿ, ಜ್ವರ ಏರಿ ಬೇಗ ಕೊಲ್ಲುವ ರೋಗ. ಆಕೆ ಗದ್ದ ಎಂದದ್ದು ನನ್ನ ಕಿವಿಗೆ ಗಂಟಲು ಎಂದೇ ಬಿದ್ದಿತ್ತು. ಜ್ವರವಿದೆಯೇ ಎಂದೂ ಕೇಳಲಿಲ್ಲ.

ಕಂಪೌಂಡರ್ ಐದು ದಿನ ಆಂಟಿಬಯಾಟಿಕ್ ಚುಚ್ಚಿ ಬಂದರು. ಆರನೆಯ ದಿನ ಮೂರು ಕುರಿ ಸತ್ತವು.

ಆಗ ನಾನೇ ಹೋದೆ. ಉಳಿದ ಕುರಿಗಳ ಕಣ್ಣುರೆಪ್ಪೆ ಬಿಡಿಸಿದರೆ ಒಳಗೆ ರಕ್ತವೇ ಇಲ್ಲದಂತೆ ಸುಣ್ಣದ ಬಿಳುಪು. ಥರ್ಮಾಮೀಟರ್ ಇಟ್ಟರೆ ಜ್ವರವಿಲ್ಲ. ಸತ್ತ ಕುರಿಯನ್ನು ಕೊಯ್ದು ಲಿವರ್ ಹಿಂಡಿದೆ. ಪಿತ್ತನಾಳಗಳಿಂದ ಎಲೆಯಾಕಾರದ ಹುಳುಗಳು ಜಾರಿ ಬಂದವು. ಲಿವರ್ ಫ್ಲೂಕ್. ಬಸವನಹುಳುವಿನಿಂದ ಹೊರಬಿದ್ದ ಇದರ ಮರಿ ನೀರಂಚಿನ ಹುಲ್ಲಿಗೆ ಅಂಟಿ, ಮೇದ ಕುರಿಯ ಹೊಟ್ಟೆ ಸೇರಿ ಲಿವರ್ ಕೊರೆಯುತ್ತದೆ. ರಕ್ತ ತೆಳುವಾಗಿ ಗದ್ದದಡಿ ನೀರು ಇಳಿಯುತ್ತದೆ.

"ಅವತ್ತೇ ಹೇಳಕ್ ಹೋದೆ ಸಾ," ಎಂದರು ರತ್ನಮ್ಮ. "ಬೆಳಿಗ್ಗೆ ಊತ ಇರಕಿಲ್ಲ. ತಲೆ ಬಗ್ಸಿ ಮೇದು ಸಂಜೀಕ್ ಬಂದ್ರೆ ಜೋತಾಡ್ತೈತೆ. ನೀವು ಫೋನ್ ಮಡಗ್ಬುಟ್ರಿ."

ಗಳಲೆಯ ಬಾವು ಹಾಗೆ ಬಂದು ಹೋಗುವುದಿಲ್ಲ. ಫ್ಲೂಕಿನ ಊತ ಬಂದು ಹೋಗುತ್ತದೆ.

ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಫ್ಲೂಕ್ ಕೊಲ್ಲುವ ಆಕ್ಸಿಕ್ಲೋಜನೈಡ್ ಔಷಧಿ ಕುಡಿಸಿ, ಮಂದೆಯನ್ನು ಒಣ ಗುಡ್ಡಕ್ಕೆ ಹೊಡೆಸಿದೆ. ಆದರೂ ಕುರಿಗಳು ಒಂದೊಂದಾಗಿ ಬಿದ್ದವು.

"ಔಸ್ದಿ ಕುಡಿಸಿದ್ರಲ್ಲ ಸಾ, ಇನ್ನೂ ಯಾಕೆ ಸಾಯ್ತವೆ?"

"ಹುಳ ಸತ್ತಿದೆ ಕಣಮ್ಮ. ಲಿವರ್ ಉಳಿದಿಲ್ಲ."

ಕೊನೆಗೆ ಉಳಿದದ್ದು ಏಳು. ಆಕೆ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ದಿನವೆಲ್ಲ ಕುರಿಯ ಹಿಂದೆ ನಡೆಯುವವರು ಅರ್ಧ ರೋಗವನ್ನು ನಮಗಿಂತ ಮೊದಲೇ ಕಂಡಿರುತ್ತಾರೆ. ಅವರ ಮಾತು ಮುಗಿಯುವತನಕ ಬಾಯಿ ಮುಚ್ಚಿಕೊಂಡಿರುವುದೂ ಚಿಕಿತ್ಸೆಯೇ. ಈ ಪಾಠಕ್ಕೆ ಹದಿನೈದು ಕುರಿ ಸಾಯಬೇಕಾಯಿತು, ಅವು ನನ್ನವೂ ಅಲ್ಲ.

ನಾನು ನಿವೃತ್ತನಾಗುವವರೆಗೂ ರತ್ನಮ್ಮ ಮತ್ತೆ ಫೋನ್ ಮಾಡಲಿಲ್ಲ. ಕುರಿಗೆ ಏನೇ ಆದರೂ ಆರು ಕಿಲೋಮೀಟರ್ ನಡೆದು ಬಂದು, ನನ್ನೆದುರು ನಿಂತು ಹೇಳಿ ಹೋಗುತ್ತಿದ್ದರು.